ಗಾವಡಗೆರೆ: ಹೆಸರಿನೊಳಗಿನ ಗಾವುಂಡ

ಹುಣಸೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಗಾವಡಗೆರೆಯ ಹೆಸರನ್ನು ಬಿಡಿಸುವಾಗ ಒಂದು ಅಕ್ಷರದ ವಿಷಯದಲ್ಲಿ ಎಚ್ಚರವಿರಬೇಕು. ಕನ್ನಡದಲ್ಲಿ ‘ಗಾವುದ’ವೂ ಉಂಟು, ‘ಗಾವುಡ’ನೂ ಉಂಟು. ಮೊದಲನೆಯದು ದಾರಿಯ ಅಳತೆ. ಸಂಸ್ಕೃತದ ಗವ್ಯೂತಿಗೆ ಸಂಬಂಧಿಸಿದುದು. ಎರಡನೆಯವನು ಊರ ಮುಖ್ಯಸ್ಥ. ‘ಗ್ರಾಮಕೂಟ’ವೆಂಬ ಸಂಸ್ಕೃತ ಶಬ್ದವು ಪ್ರಾಕೃತದಲ್ಲಿ ಸವೆದು, ನಮ್ಮ ಶಾಸನಗಳಲ್ಲಿ ಗಾಮುಂಡ, ಗಾವುಂಡ ಎಂದಾಗಿ, ಕಡೆಗೆ ಇಂದಿನ ಗೌಡನಾಯಿತೆಂಬುದು ವಿದ್ವಾಂಸರ ಮತ. ತಮಿಳುನಾಡಿನ ‘ಕವುಂಡರ್’ ಎಂಬುದೂ ಇದೇ ಬಳ್ಳಿಯದು. ಊರ ಹೆಸರಿನಲ್ಲಿ ಡಕಾರವು ಉಳಿದಿರುವುದರಿಂದ ‘ಗಾವುಡನ ಕೆರೆ’ ಎಂದು ಅರ್ಥೈಸುವುದೇ ಯುಕ್ತವೆಂದು ನನಗೆ ತೋರುತ್ತದೆ. ಕೆರೆಯ ಕಕಾರವು ಗಕಾರವಾದುದು ಆದೇಶಸಂಧಿಯಿಂದ. ಡಕಾರವನ್ನು ದಕಾರವೆಂದು ಓದಿದರೆ ಕೆರೆಯ ಒಡೆಯನೇ ಮರೆಯಾಗಿ, ಬರಿಯ ದಾರಿ ಉಳಿಯುವುದು.

ನೆರೆಯ ಹೆಗ್ಗಡದೇವನಕೋಟೆಯೂ ಅಧಿಕಾರಪದವನ್ನೇ ಹೊತ್ತಿದೆ. ಹಳಗನ್ನಡದ ಪಕಾರವು ಹಕಾರವಾದಾಗ ‘ಪೆರ್ಗಡೆ’ ಹೆಗ್ಗಡೆಯಾದನು. ಆದರೆ ಪಿರಿಯಾಪಟ್ಟಣದ ‘ಪಿರಿಯ’ ಮಾತ್ರ ‘ಹಿರಿಯ’ವಾಗಲಿಲ್ಲ. ಹಾಗೆಂದು ಅದನ್ನು ತಮಿಳಿನ ‘ಪೆರಿಯ’ದಿಂದ ಎರವಲು ತಂದುದೆನ್ನಬೇಕಾಗಿಲ್ಲ; ಅವೆರಡೂ ಒಡಹುಟ್ಟುಗಳು, ತಾಯಿಮಕ್ಕಳಲ್ಲ. ಆಡುಮಾತು ಮುಂದೆ ಸಾಗಿದರೂ ಊರ ಹೆಸರು ಹಳೆಯ ರೂಪವನ್ನು ಬಿಡದಿರುವುದುಂಟು. ಗಾವಡಗೆರೆಯವರು ಮನೆಯಲ್ಲಿ ಗೌಡನೆಂದರೂ, ಊರನ್ನು ‘ಗೌಡಗೆರೆ’ ಎನ್ನುವುದಿಲ್ಲ.