ಕರಿಯ ಬಾವುಟದ ಹೊಣೆ

ಮೋಟಾರು ಪಂದ್ಯವನ್ನು ನೋಡುವವರ ಕಣ್ಣೆಲ್ಲವೂ ಓಡುವ ಕಾರುಗಳ ಮೇಲೆಯೇ ಇರುತ್ತದೆ. ಹಾದಿಯ ಅಂಚಿನಲ್ಲಿ ನಿಂತ ಅಧಿಕಾರಿಯನ್ನು ಗಮನಿಸುವವರು ವಿರಳ. ಆದರೆ ಅಪಾಯವೊದಗಿದಾಗ ಹಳದಿ ಬಾವುಟದಿಂದ ಎಲ್ಲರ ವೇಗವನ್ನೂ ತಗ್ಗಿಸುವವನು, ದೋಷವುಳ್ಳ ಕಾರನ್ನು ಕರಿಯ ಬಾವುಟದಿಂದ ಹೊರಕ್ಕೆ ಕರೆಯುವವನು ಅವನೇ. ಅವನ ವಿಚಾರಣೆಗೆ ನ್ಯಾಯಾಲಯದ ಬಿಡುವಿಲ್ಲ. ಕೆಲವೇ ನಿಮಿಷಗಳಲ್ಲಿ ತೀರ್ಪು ಹೊರಬೀಳಬೇಕು. ಈ ಹೊಣೆಯನ್ನು ಹೊತ್ತವರಲ್ಲಿ ಹಲವರು ಮೊದಲು ತಾವೇ ಚಾಲಕರಾಗಿದ್ದವರು. ಅಂಥವರಲ್ಲೊಬ್ಬನು ಅಮೆರಿಕದ ಹಾರ್ಲನ್ ಫೆಂಗ್ಲರ್.

ಫೆಂಗ್ಲರನು 1920ರ ದಶಕದ ಚಾಲಕ. ಗಾಲಿಗಳಿಗೆ ಮುಚ್ಚಳವಿಲ್ಲದ ಕಿರಿದಾದ ಕಾರುಗಳು ಆಗ ಅಮೆರಿಕದಲ್ಲಿ ಮರದ ಹಲಗೆಗಳನ್ನು ಜೋಡಿಸಿ ಕಟ್ಟಿದ ಹಾದಿಗಳ ಮೇಲೆ ಓಡುತ್ತಿದ್ದವು. ತಿರುವುಗಳಲ್ಲಿ ಈ ಹಾದಿಗಳು ಕಡಿದಾಗಿ ಒಳಕ್ಕೆ ಓರೆಯಾಗಿರುತ್ತಿದ್ದವು. ಎಂಜಿನ್ನುಗಳಿಂದ ತೊಟ್ಟಿಕ್ಕಿದ ಎಣ್ಣೆಯಿಂದ ಹಲಗೆಗಳು ಜಾರುತ್ತಿದ್ದವು. ಸವೆದ ಮರದ ಸೀಳುಗಳು ಚಾಲಕರ ಮುಖಕ್ಕೆ ಸಿಡಿಯುತ್ತಿದ್ದವು. ಇಂತಹ ಹಾದಿಗಳಲ್ಲಿಯೇ ಫೆಂಗ್ಲರನು 1923ರ ಅಕ್ಟೋಬರಿನಲ್ಲಿ ಕಾನ್ಸಾಸ್ ಸಿಟಿಯ ಪಂದ್ಯವನ್ನೂ 1924ರ ಫೆಬ್ರವರಿಯಲ್ಲಿ ಬೆವರ್ಲಿ ಹಿಲ್ಸ್‌ನ ಪಂದ್ಯವನ್ನೂ ಗೆದ್ದನು. 1923ರಲ್ಲಿ ಇಂಡಿಯಾನಾಪೊಲಿಸ್‌ನ ಸುಪ್ರಸಿದ್ಧ 500 ಮೈಲಿಗಳ ಪಂದ್ಯದಲ್ಲಿಯೂ ಅವನು ಭಾಗವಹಿಸಿದ್ದನು. ಮುಂದೆ 1958ರಲ್ಲಿ ಅದೇ ಪಂದ್ಯಕ್ಕೆ ಮುಖ್ಯ ಸ್ಟುವರ್ಡ್, ಎಂದರೆ ಪ್ರಧಾನ ನಿಯಂತ್ರಣಾಧಿಕಾರಿಯಾಗಿ, ಹದಿನೈದಕ್ಕೂ ಹೆಚ್ಚು ವರ್ಷ ಆ ಸ್ಥಾನದಲ್ಲಿದ್ದನು.

ಅವನು ಎದುರಿಸಿದ ಪ್ರಶ್ನೆಗಳಲ್ಲಿ ಅತ್ಯಂತ ಕಠಿಣವಾದುದು 1963ರಲ್ಲಿ ಬಂದಿತು. ಅದನ್ನು ಅರಿಯುವ ಮುನ್ನ, ತಿರುವಿನಲ್ಲಿ ಕಾರನ್ನು ಹಿಡಿದಿಡುವ ಬಲ ಯಾವುದೆಂಬುದನ್ನು ನೋಡೋಣ.

ಘರ್ಷಣೆಯ ಲೆಕ್ಕ

ದಾರಕ್ಕೆ ಕಲ್ಲನ್ನು ಕಟ್ಟಿ ತಿರುಗಿಸಿದರೆ, ದಾರವು ಕಲ್ಲನ್ನು ಸತತವಾಗಿ ಕೇಂದ್ರದ ಕಡೆಗೆ ಎಳೆಯುತ್ತಿರಬೇಕು. ದಾರ ಹರಿದರೆ ಕಲ್ಲು ನೆಟ್ಟಗೆ ಹಾರಿಹೋಗುತ್ತದೆ. ತಿರುವಿನಲ್ಲಿ ಓಡುವ ಕಾರಿಗೆ ದಾರವಿಲ್ಲ. ಹಾದಿಯ ಓರೆ ಮತ್ತು ಗಾಲಿಗಳ ಘರ್ಷಣೆ, ಇವೆರಡೇ ಅದನ್ನು ಒಳಕ್ಕೆ ಎಳೆಯಬೇಕು.

ಇಂಡಿಯಾನಾಪೊಲಿಸ್‌ನ ಹಾದಿಯ ಸುತ್ತಳತೆ ಎರಡೂವರೆ ಮೈಲಿ. ನಾಲ್ಕು ತಿರುವುಗಳಲ್ಲಿ ಪ್ರತಿಯೊಂದರ ತ್ರಿಜ್ಯ 840 ಅಡಿ, ಅಂದರೆ ಸುಮಾರು 256 ಮೀಟರು; ಓರೆ ಸುಮಾರು 9 ಡಿಗ್ರಿ. ಘರ್ಷಣೆಯೇ ಇಲ್ಲವೆಂದು ಭಾವಿಸಿ ಲೆಕ್ಕ ಹಾಕಿದರೆ, ಇಷ್ಟು ಓರೆಯ ಬಲದಿಂದ ಗಂಟೆಗೆ ಸುಮಾರು 72 ಕಿಲೋಮೀಟರು ವೇಗದಲ್ಲಿ ಮಾತ್ರ ತಿರುಗಬಹುದು. ಕಾರು ಸೆಕೆಂಡಿಗೆ 60 ಮೀಟರು, ಎಂದರೆ ಗಂಟೆಗೆ 216 ಕಿಲೋಮೀಟರು ವೇಗದಲ್ಲಿ ಅದೇ ತ್ರಿಜ್ಯದಲ್ಲಿ ತಿರುಗಬೇಕಾದರೆ ರಬ್ಬರಿಗೂ ನೆಲಕ್ಕೂ ನಡುವಣ ಘರ್ಷಣಾಂಕವು ಸುಮಾರು 1 ಇರಬೇಕು. ಒಣ ನೆಲದಲ್ಲಿ ಇದು ಸಾಧ್ಯ. ನೆಲದ ಮೇಲೆ ಎಣ್ಣೆಯ ತೆಳುಪದರವಿದ್ದರೆ ರಬ್ಬರು ನೆಲವನ್ನು ನೇರವಾಗಿ ಮುಟ್ಟಲಾರದೆ ಆ ಪದರದ ಮೇಲೆ ಜಾರುತ್ತದೆ. ಘರ್ಷಣಾಂಕವು ಅರ್ಧಕ್ಕೆ ಇಳಿಯಿತೆನ್ನೋಣ. ಆಗ ಅದೇ ತಿರುವಿನಲ್ಲಿ ಸುರಕ್ಷಿತವಾದ ವೇಗವು ಗಂಟೆಗೆ ಸುಮಾರು 153 ಕಿಲೋಮೀಟರಿಗೆ ಕುಸಿಯುತ್ತದೆ. ಇದನ್ನರಿಯದೆ 216ರ ವೇಗದಲ್ಲಿ ಬಂದ ಚಾಲಕನಿಗೆ ಹೊರಗೋಡೆಯೇ ಗತಿ.

1963ರ ತೀರ್ಪು

ಆ ವರ್ಷದ ಮೇ 30ರಂದು ಪಂದ್ಯದ ಕೊನೆಯ ಭಾಗದಲ್ಲಿ ಪಾರ್ನೆಲಿ ಜೋನ್ಸನು ಮುಂದಿದ್ದನು. ಅವನದು ಎಂಜಿನ್ನು ಮುಂದಿದ್ದ ಹಳೆಯ ಮಾದರಿಯ ಕಾರು. ಸ್ಕಾಟ್ಲೆಂಡಿನ ಜಿಮ್ ಕ್ಲಾರ್ಕನು ಎಂಜಿನ್ನನ್ನು ಹಿಂದಿಟ್ಟ ಹಗುರವಾದ ಲೋಟಸ್ ಕಾರಿನಲ್ಲಿ ಅವನನ್ನು ಹಿಂಬಾಲಿಸುತ್ತಿದ್ದನು. ಅಷ್ಟರಲ್ಲಿ ಜೋನ್ಸನ ಕಾರಿನ ತೈಲದ ತೊಟ್ಟಿಯಲ್ಲಿ ಬಿರುಕು ಬಿಟ್ಟು ಎಣ್ಣೆ ಸೋರತೊಡಗಿತು. ಅದೇ ದಿನ ಜಿಮ್ ಹರ್ಟುಬೀಸನ ಕಾರು ಎಣ್ಣೆ ಸೋರಿದುದರಿಂದಲೇ ಪಂದ್ಯದಿಂದ ಹೊರಬಿದ್ದಿದ್ದಿತು.

ಫೆಂಗ್ಲರನು ಕರಿಯ ಬಾವುಟದ ಯೋಚನೆಯಲ್ಲಿದ್ದಾಗ ಜೋನ್ಸನ ಕಾರಿನ ಒಡೆಯ ಅಗಜಾನಿಯನ್ ಅವನ ಬಳಿಗೆ ಧಾವಿಸಿದನು. ಎಣ್ಣೆಯ ಮಟ್ಟವು ಬಿರುಕಿಗಿಂತ ಕೆಳಗಿಳಿದಿದೆ, ಸೋರುವುದು ನಿಂತಿದೆ ಎಂಬುದು ಅವನ ವಾದ. ಕಾರನ್ನು ನಿಲ್ಲಿಸಲೇಬೇಕೆಂಬುದು ಲೋಟಸ್‌ನ ನಿರ್ಮಾಪಕ ಕಾಲಿನ್ ಚಾಪ್‌ಮನ್ನನ ವಾದ. ಫೆಂಗ್ಲರನು ಬಾವುಟವನ್ನು ತೋರಿಸಲಿಲ್ಲ. ಜೋನ್ಸನು ಗಂಟೆಗೆ 143 ಮೈಲಿಗಳ ಸರಾಸರಿ ವೇಗದಲ್ಲಿ ಗೆದ್ದನು; ಕ್ಲಾರ್ಕನು ಎರಡನೆಯವನಾದನು. ಆ ದಿನ ಜಾರಿ ಕೆಟ್ಟ ಎಡ್ಡಿ ಸ್ಯಾಕ್ಸನು ಜೋನ್ಸನ ಎಣ್ಣೆಯನ್ನೇ ದೂರಿದನು. ಮರುದಿನ ಇಬ್ಬರೂ ಜಗಳವಾಡಿ ಮಾತು ಕೈಗೆ ಬಂದಿತು.

ತೀರ್ಪು ಸರಿಯೇ? ಅಗಜಾನಿಯನ್ನನ ವಾದದಲ್ಲಿ ಭೌತಶಾಸ್ತ್ರದ ಹುರುಳಿಲ್ಲದೆ ಇಲ್ಲ. ತೂತಿರುವ ಕೊಡದಲ್ಲಿ ನೀರು ತೂತಿನ ಮಟ್ಟದವರೆಗೆ ಮಾತ್ರ ಸೋರುತ್ತದೆ. ಆದರೆ ನಿಂತ ಕೊಡದ ಮಾತು ತಿರುಗುವ ಕಾರಿಗೆ ಹಾಗೆಯೇ ಹೊಂದುವುದಿಲ್ಲ. ನಾವು ಮೇಲೆ ಲೆಕ್ಕ ಹಾಕಿದ ತಿರುವಿನಲ್ಲಿ ತೊಟ್ಟಿಯೊಳಗಿನ ಎಣ್ಣೆಯ ಮೇಲ್ಮೈ ಸುಮಾರು 45 ಡಿಗ್ರಿ ಓರೆಯಾಗಿ ಹೊರಬದಿಗೆ ಏರುತ್ತದೆ. ಆದುದರಿಂದ ನೇರ ಹಾದಿಯಲ್ಲಿ ಕಂಡುದನ್ನೇ ನಂಬುವಂತಿಲ್ಲ. ಬಿರುಕು ತೊಟ್ಟಿಯ ಯಾವ ಬದಿಯಲ್ಲಿದೆ ಎಂಬುದೂ ಗಣನೆಗೆ ಬರಬೇಕು. ಇದನ್ನೆಲ್ಲ ಅಳೆಯಲು ಫೆಂಗ್ಲರನ ಬಳಿ ಯಾವ ಉಪಕರಣವಿದ್ದಿತು? ಅವನಿಗಿದ್ದುದು ಎರಡು ಕಣ್ಣು, ಎಣ್ಣೆಯ ಹಲಗೆಗಳ ಮೇಲೆ ಓಡಿದ ಹಳೆಯ ಅನುಭವ, ಎರಡು ಕಡೆಯ ಕೂಗಾಟ. ತಪ್ಪಾಗಿ ಬಾವುಟ ತೋರಿಸಿದರೆ ಗೆಲ್ಲುವವನಿಗೆ ಅನ್ಯಾಯ. ತಪ್ಪಾಗಿ ತೋರಿಸದಿದ್ದರೆ ಪರರ ಪ್ರಾಣಕ್ಕೆ ಸಂಚಕಾರ. ಇವೆರಡು ತಪ್ಪುಗಳೂ ಸಮತೂಕದವಲ್ಲ. ಮೊದಲನೆಯ ನಷ್ಟವನ್ನು ಮರುವರ್ಷ ತುಂಬಿಕೊಳ್ಳಬಹುದು.

ಅನುಭವದಿಂದ ಅಳತೆಗೆ

1973ರಲ್ಲಿ, ಫೆಂಗ್ಲರನು ಇನ್ನೂ ಅಧಿಕಾರದಲ್ಲಿದ್ದಾಗಲೇ, ಅದೇ ಹಾದಿಯಲ್ಲಿ ಭೀಕರವಾದ ಬೆಂಕಿಯ ಅಪಘಾತಗಳು ನಡೆದುವು. ತೀವ್ರವಾಗಿ ಗಾಯಗೊಂಡ ಸ್ವೀಡ್ ಸ್ಯಾವೇಜನು ಜುಲೈ ತಿಂಗಳಲ್ಲಿ ತೀರಿಕೊಂಡನು. ಆ ಬಳಿಕ ಕಾರು ಹೊರಬಹುದಾದ ಇಂಧನವನ್ನು 75 ಗ್ಯಾಲನ್ನುಗಳಿಂದ 40ಕ್ಕೆ, ಎಂದರೆ ಸುಮಾರು 284 ಲೀಟರಿನಿಂದ 151 ಲೀಟರಿಗೆ ಇಳಿಸಲಾಯಿತು. ಇಂಧನದ ತೊಟ್ಟಿ ಎಡಬದಿಯಲ್ಲಿಯೇ ಇರಬೇಕೆಂದು ವಿಧಿಸಲಾಯಿತು. ಎಡಬದಿಯೇ ಏಕೆ? ಅಲ್ಲಿ ತಿರುವುಗಳೆಲ್ಲ ಎಡಕ್ಕೆ. ಹಿಡಿತ ತಪ್ಪಿದ ಕಾರು ಹೊರಕ್ಕೆ ಜಾರಿ ಸಾಮಾನ್ಯವಾಗಿ ಬಲಬದಿಯಿಂದ ಗೋಡೆಗೆ ಬಡಿಯುತ್ತದೆ. ಈ ನಿಯಮವನ್ನು ಪಾಲಿಸಲು ಪಂದ್ಯದ ನಡುವೆ ಯಾರೂ ವಾದಿಸಬೇಕಾಗಿಲ್ಲ. ಪಂದ್ಯಕ್ಕೆ ಮುನ್ನವೇ ಅಳೆದು ನೋಡಿದರೆ ಸಾಕು.

ಫೆಂಗ್ಲರನ ಬಾಳು ನಮಗೆ ತಿಳಿಸುವುದೂ ಇದನ್ನೇ. ಒಳ್ಳೆಯ ಅಧಿಕಾರಿಗೆ ಅನುಭವ ಬೇಕು. ಅಪಾಯ ಎಲ್ಲಿದೆಯೆಂದು ಮೊದಲು ಸುಳಿವು ಕೊಡುವುದು ಅದೇ. ಆದರೆ ಅಪಾಯ ಎಷ್ಟೆಂಬುದನ್ನು ಹೇಳಲು ಅಳತೆಯೇ ಬೇಕು. ಅಳೆಯಲು ಸಮಯವಿಲ್ಲದ ಗಳಿಗೆಗಾಗಿ ಸಮಯವಿದ್ದಾಗಲೇ ನಿಯಮವನ್ನು ಬರೆದಿಡುವುದು ವಿವೇಕ. ಪಂದ್ಯದ ಹಾದಿಯಲ್ಲಿ ನಿಜವಾದ ಈ ಮಾತು ಪ್ರಯೋಗಶಾಲೆಯಲ್ಲಿಯೂ ಕಾರ್ಖಾನೆಯಲ್ಲಿಯೂ ನಿಜವೇ.