ಕಿತ್ತು ಬಂದ ಹಲ್ಲಿಗೆ ಹಾಲೇ ಗತಿ

ಕಬಡ್ಡಿ ಆಡುವಾಗ ಹತ್ತು ವರ್ಷದ ಹುಡುಗನ ಮುಂದಿನ ಹಲ್ಲು ಬೇರುಸಮೇತ ಕಿತ್ತು ಮಣ್ಣಿಗೆ ಬಿತ್ತು ಅನ್ನಿ. ಸುತ್ತ ನಿಂತವರು ಹಲ್ಲನ್ನು ಬಿಟ್ಟು ಹುಡುಗನ ಬಾಯಿ ತೊಳೆಸುತ್ತಾರೆ. ತುಸು ತಿಳಿದವರಾದರೆ ಹಲ್ಲನ್ನು ನಳದಡಿ ತಿಕ್ಕಿ ತೊಳೆದು, ಕಾಗದದಲ್ಲಿ ಕಟ್ಟಿಕೊಂಡು ದವಾಖಾನೆಗೆ ಓಡುತ್ತಾರೆ. ಕಾಳಜಿ ಎರಡನೆಯವರದೇ ಹೆಚ್ಚು, ಫಲ ಮಾತ್ರ ಹೆಚ್ಚುಕಡಿಮೆ ಒಂದೇ. ಉಳಿಸಿಕೊಳ್ಳಬೇಕಾದದ್ದು ಬಿಳಿಯ ಗಟ್ಟಿ ಹಲ್ಲನ್ನಲ್ಲ, ಅದರ ಬೇರಿಗೆ ಅಂಟಿ ಬಂದ, ಕಣ್ಣಿಗೆ ಸರಿಯಾಗಿ ಕಾಣದ ಪೊರೆಯನ್ನು. ಹಲ್ಲು ದವಡೆಯ ಎಲುಬಿಗೆ ನೇರವಾಗಿ ಹತ್ತಿಕೊಂಡಿರುವುದಿಲ್ಲ. ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಪೆಟ್ಟು ಬಿದ್ದಾಗ ಅದು ಹರಿದು ಒಂದು ಭಾಗ ಗುಳಿಯಲ್ಲಿ, ಇನ್ನೊಂದು ಬೇರಿನ ಮೇಲೆ ಉಳಿಯುತ್ತದೆ. ಬೇರಿನ ಮೇಲಿನ ಜೀವಕೋಶಗಳು ಬದುಕಿದ್ದರೆ, ಹಲ್ಲನ್ನು ಮರಳಿ ಕೂರಿಸಿದಾಗ ಎರಡೂ ಭಾಗ ಬೆಸೆದುಕೊಳ್ಳುತ್ತವೆ. ಸತ್ತಿದ್ದರೆ ಎಲುಬು ನೇರ ಬೇರಿಗೇ ಹತ್ತಿ, ವರ್ಷಗಳು ಕಳೆದಂತೆ ಅದನ್ನು ಕರಗಿಸಿ ಆ ಜಾಗವನ್ನು ತಾನೇ ತುಂಬುತ್ತದೆ.

ಬಯಲಲ್ಲಿ ಬಿದ್ದ ಹಲ್ಲಿನ ಈ ಕೋಶಗಳಿಗೆ ಆಯುಷ್ಯ ಬಹಳ ಕಡಿಮೆ. ಡೆನ್ಮಾರ್ಕಿನ ದಂತವೈದ್ಯ ಆಂಡ್ರಿಯಾಸೆನ್ ಮತ್ತು ಸಂಗಡಿಗರು ಹೀಗೆ ಮರಳಿ ಕೂರಿಸಿದ 110 ಹಲ್ಲುಗಳ ಲೆಕ್ಕವನ್ನು 1966ರಲ್ಲಿ ಪ್ರಕಟಿಸಿದರು. ಅರ್ಧ ಗಂಟೆಯೊಳಗೆ ಕೂರಿಸಿದವುಗಳಲ್ಲಿ ನೂರಕ್ಕೆ 90ರ ಬೇರು ಕರಗಲಿಲ್ಲ. ಎರಡು ಗಂಟೆ ಮೀರಿದವುಗಳಲ್ಲಿ ನೂರಕ್ಕೆ 95ರ ಬೇರು ಕರಗಿತು. ಒಣಗಿದ ಹಲ್ಲಿಗೆ ಒಂದು ಗಂಟೆಯೇ ಕಡೆಯ ಗಡುವು ಎಂದು ಈಗ ವೈದ್ಯರು ಎಣಿಸುತ್ತಾರೆ. ನಮ್ಮ ಮುಂಡರಗಿಯಿಂದ ಜಿಲ್ಲಾಕೇಂದ್ರ ಗದಗದ ದವಾಖಾನೆಗೆ ಸುಮಾರು 40 ಕಿಲೋಮೀಟರ್. ಹಮ್ಮಿಗಿ, ಕೊರ್ಲಹಳ್ಳಿಯಂಥ ಹೊಳೆದಂಡೆಯ ಊರುಗಳಿಂದ ಹೊರಟು, ಬಸ್ಸಿಗೆ ಕಾದು, ಚೀಟಿ ಮಾಡಿಸಿ ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಆ ಗಡುವು ದಾಟಿರುತ್ತದೆ. ಹಾಗಾಗಿ ಹಲ್ಲಿನ ಹಣೆಬರಹ ಬರೆಯುವವರು ದಂತವೈದ್ಯರಲ್ಲ, ಮೈದಾನದಲ್ಲಿ ಅದನ್ನು ಮೊದಲು ಕೈಗೆತ್ತಿಕೊಂಡವರು.

ನೀರಿನಲ್ಲಿಟ್ಟರೆ ಒಣಗುವುದಿಲ್ಲವಲ್ಲ ಎನ್ನಬಹುದು. ನಿಜ, ಕಾಗದದಲ್ಲಿ ಕಟ್ಟುವುದಕ್ಕಿಂತ ಅದು ಮೇಲು. ಆದರೆ ಕೋಶದೊಳಗಿನ ದ್ರವದಲ್ಲಿ ಕರಗಿದ ಕಣಗಳ ಸಾಂದ್ರತೆ ಲೀಟರಿಗೆ ಸುಮಾರು 290 ಮಿಲಿಆಸ್ಮೋಲ್. ಹೊರಗೆ ಬರೀ ನೀರಿದ್ದರೆ ಅದು ಒಳಗೆ ನುಗ್ಗಿ, ನೆನೆಹಾಕಿದ ಕಡಲೆಯಂತೆ ಕೋಶ ಉಬ್ಬುತ್ತದೆ. ಕಡಲೆಗೆ ಸಿಪ್ಪೆಯ ಆಸರೆ ಇದೆ. ಕೋಶ ಒಡೆದೇ ಹೋಗುತ್ತದೆ. ಫ್ಲೋರೈಡ್ ಕಾಟಕ್ಕೆ ಹೆಸರಾದ ಮುಂಡರಗಿ ತಾಲ್ಲೂಕಿನ ಮಟ್ಟಿಗೆ ಇದೊಂದು ವಿಪರ್ಯಾಸ: ಶುದ್ಧೀಕರಣ ಘಟಕದಿಂದ ಕೊಡದಲ್ಲಿ ತರುವ, ಲವಣವೆಲ್ಲ ಸೋಸಿಹೋದ ನೀರು ಕುಡಿಯಲು ಎಷ್ಟು ಒಳ್ಳೆಯದೋ ಹಲ್ಲಿನ ಕೋಶಕ್ಕೆ ಅಷ್ಟೇ ಕೆಟ್ಟದ್ದು. ಹಾಗಾದರೆ ಬೋರ್‌ವೆಲ್ಲಿನ ಸವಳು ನೀರು? ಕುಡಿಯುವ ನೀರಿಗೆ ಒಪ್ಪಿದ ಕಡೆಯ ಮಿತಿ ಲೀಟರಿಗೆ 2 ಗ್ರಾಂ ಲವಣ. ಅದೆಲ್ಲ ಅಡುಗೆ ಉಪ್ಪೇ ಎಂದು ಹಿಡಿದರೂ ಲೆಕ್ಕ 70 ಮಿಲಿಆಸ್ಮೋಲ್ ದಾಟುವುದಿಲ್ಲ. ಜೊಲ್ಲಿನ ಮಟ್ಟವೂ ಹೆಚ್ಚುಕಡಿಮೆ ಅಷ್ಟೇ, ಮೇಲೆ ಅದರಲ್ಲಿ ಬ್ಯಾಕ್ಟೀರಿಯಾಗಳ ಸಂತೆ.

ಹಾಲು ಇಲ್ಲಿ ಗೆಲ್ಲುತ್ತದೆ. ಅದರ ಸಾಂದ್ರತೆ ನಮ್ಮ ಕೋಶದ ಸಾಂದ್ರತೆಗೆ ತೀರ ಹತ್ತಿರ, ಹುಳಿಯಿಲ್ಲ, ಒಂದಿಷ್ಟು ಪೋಷಕಾಂಶವೂ ಇದೆ. 1980ರ ಆಸುಪಾಸಿನಲ್ಲಿ ಸ್ವೀಡನ್ನಿನ ದಂತ ಸಂಶೋಧಕ ಬ್ಲೋಮ್‌ಲೋಫ್ ಇದನ್ನು ಪರೀಕ್ಷಿಸಿ ತೋರಿಸಿದರು. ಬೇಗನೆ ತಣ್ಣನೆಯ ಹಾಲಿಗೆ ಹಾಕಿದರೆ ಕೋಶಗಳು ಕೆಲವು ಗಂಟೆ ಉಳಿಯುತ್ತವೆ. ಹಳ್ಳಿ ಶಾಲೆಯಲ್ಲಿ ಹಾಲೆಲ್ಲಿ ಎಂದು ಕೇಳಬೇಕಿಲ್ಲ. ಮಕ್ಕಳಿಗೆ ಹಾಲು ಕೊಡಲು 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಿಂದಾಗಿ ಸರ್ಕಾರಿ ಶಾಲೆಯ ಅಡುಗೆಕೋಣೆಯಲ್ಲೇ ಕೆನೆಭರಿತ ಹಾಲಿನ ಪುಡಿ ಇದೆ. 150 ಮಿಲಿಲೀಟರಿಗೆ 18 ಗ್ರಾಂ ಎಂಬ ಅದರ ಅಳತೆ ಹಾಲಿನ ಸಹಜ ಗಟ್ಟಿತನಕ್ಕೆ ಹೊಂದುತ್ತದೆ. ತೊಡಕು ಸಕ್ಕರೆಯದು. ಅಷ್ಟು ಹಾಲಿಗೆ 10 ಗ್ರಾಂ ಸಕ್ಕರೆ ಬಿದ್ದರೂ ಸಾಂದ್ರತೆ ಒಂದೂವರೆ ಪಟ್ಟು ಮೀರುತ್ತದೆ, ಆಗ ಕೋಶ ಉಬ್ಬುವ ಬದಲು ಸುಕ್ಕುತ್ತದೆ. ಬಿಸಿ ಹಾಲೂ ಸಲ್ಲದು. ಸಪ್ಪೆ ಹಾಲು, ಕಾಯಿಸಿ ಆರಿಸಿದ್ದು ಬೇಕು. ನಂದಿನಿ ಪ್ಯಾಕೆಟ್ಟಾದರೂ ಸರಿ, ಮನೆಯ ಎಮ್ಮೆಯದಾದರೂ ಸರಿ. ಹಾಲಿಲ್ಲದಿದ್ದರೆ ಮಜ್ಜಿಗೆ ಆದೀತೇ ಎಂದರೆ, ಆಗದು, ಹುಳಿಯೇ ಕೋಶಗಳನ್ನು ಕೊಲ್ಲುತ್ತದೆ. ಎಳನೀರಿನ ಬಗ್ಗೆ ಆಸೆ ಹುಟ್ಟಿಸಿದ ಪ್ರಯೋಗಗಳು ನಮ್ಮ ದೇಶದಲ್ಲೇ ನಡೆದಿವೆ, ಆದರೆ ಅದೂ ತುಸು ಹುಳಿಯೇ. ಹಾಲಿರುವಾಗ ಆ ಗೊಡವೆ ಬೇಡ.

ಎಲ್ಲಕ್ಕಿಂತ ಒಳ್ಳೆಯದು ಹಲ್ಲನ್ನು ಅಲ್ಲೇ ಗುಳಿಗೆ ಕೂರಿಸಿ, ಬಟ್ಟೆ ಕಚ್ಚಿಸಿಕೊಂಡು ವೈದ್ಯರಲ್ಲಿಗೆ ಹೋಗುವುದು ಎಂಬ ಆಕ್ಷೇಪ ಸರಿಯಾದದ್ದೇ. ಧೈರ್ಯವಿದ್ದವರು ಹಾಗೆಯೇ ಮಾಡಬೇಕು. ಅಳುವ ಮಗು, ಸುರಿವ ರಕ್ತ, ನಡುಗುವ ಕೈ, ಇವುಗಳ ನಡುವೆ ಅದು ಆಗದವರಿಗೆ ಹಾಲು. ಕಟ್ಟಿಸಿದ ಹಲ್ಲು ಹಾಕಿಸಿದರಾಯಿತು ಎನ್ನುವವರೂ ಇದ್ದಾರೆ. ಆದರೆ ಬೆಳೆಯುವ ಮಕ್ಕಳ ದವಡೆಗೆ ಇಂಪ್ಲಾಂಟ್, ಅಂದರೆ ಎಲುಬಿಗೆ ಕೂರಿಸುವ ಕೃತಕ ಬೇರು, ಹಾಕುವುದಿಲ್ಲ, ಬೆಳವಣಿಗೆ ನಿಲ್ಲುವವರೆಗೆ ಕಾಯಬೇಕು. ಅಲ್ಲಿಯವರೆಗೆ ಸ್ವಂತ ಹಲ್ಲು ಗುಳಿಯಲ್ಲಿ ನಿಂತರೂ ಲಾಭವೇ, ಆ ಜಾಗದ ಎಲುಬು ಸವೆಯದೆ ಉಳಿಯುತ್ತದೆ.

ಹಲ್ಲನ್ನು ಹಿಡಿಯುವುದು ಬಿಳಿ ತುದಿಯಿಂದ, ಬೇರಿಗೆ ಬೆರಳು ತಾಗಬಾರದು. ಮಣ್ಣು ಹತ್ತಿದ್ದರೆ ಹಾಲಿನಲ್ಲೇ ಒಮ್ಮೆ ಅಲುಗಿಸಿದರೆ ಸಾಕು. ಫ್ಲೋರೈಡಿನ ಹಳದಿ ಕಲೆಯನ್ನು ಕೊಳೆಯೆಂದು ತಿಳಿದು ಉಜ್ಜಲು ಹೋಗಬೇಡಿ. ಇನ್ನು ಐದಾರು ವರ್ಷದ ಮಗುವಿನ ಹಾಲುಹಲ್ಲು ಕಿತ್ತುಬಂದರೆ ಅದನ್ನು ಮರಳಿ ಕೂರಿಸಬಾರದು, ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ. ಬಾಯನ್ನು ವೈದ್ಯರಿಗೆ ತೋರಿಸಿ. ಹಲ್ಲು ವಾಡಿಕೆಯಂತೆ ಮಾಳಿಗೆಯ ಮೇಲೆ ಹೋಗಲಿ.