ಅಕ್ಕಲಕೋಟೆಯ ದಾರಿಯಲ್ಲಿ ಒಂದು ತಂತಿಯ ಹುಡುಕಾಟ

ಮುಂಬಯಿಯ ಬೀದಿಗಳಲ್ಲಿ ಸುಮಾರು ಆರು ದಶಕಗಳ ಕಾಲ ಓಡಿದ ಕಪ್ಪು-ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ತಿಂಗಳ ಕೊನೆಗೆ ಮರೆಯಾದುವು. ಆದರೆ ಖಾಸಗಿಯವರ ಮನೆಯಂಗಳಗಳಲ್ಲಿ ಆ ಕಾರು ಇನ್ನೂ ಅಲ್ಲಲ್ಲಿ ಉಳಿದಿದೆ. ಹಾಗೆ ಉಳಿದ ಒಂದು ಪದ್ಮಿನಿಯನ್ನು ನಾವು ಕಂಡದ್ದು ಸೊಲ್ಲಾಪುರ ಜಿಲ್ಲೆಯಲ್ಲಿ. ಅದಕ್ಕೊಂದು ಔಚಿತ್ಯವೂ ಉಂಟು. ಆ ಕಾರನ್ನು ತಯಾರಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು 1944ರಲ್ಲಿ ಕಟ್ಟಿದ ವಾಲಚಂದ ಹಿರಾಚಂದರು 1882ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲಿಯೇ. 1940ರಲ್ಲಿ ಮೈಸೂರು ಸಂಸ್ಥಾನದ ಸಹಕಾರದಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದವರೂ ಅವರೇ. ಸಿದ್ಧರಾಮೇಶ್ವರರ ಸೊನ್ನಲಿಗೆಯೆಂದು ನಾವು ಮಕ್ಕಳಿಗೆ ಪಾಠ ಹೇಳುವ ಊರಿಗೆ ಇಂಥ ಇನ್ನೊಂದು ಮುಖವೂ ಇದೆಯೆಂಬುದು ನಮ್ಮ ಕಡೆಯವರಲ್ಲಿ ಹೆಚ್ಚಿನವರಿಗೆ ತಿಳಿಯದು.

ಸೊಲ್ಲಾಪುರ, ಅಕ್ಕಲಕೋಟೆಗಳ ಹೆಸರು ಕಾಸರಗೋಡಿನ ಕನ್ನಡಿಗರಿಗೆ ಹೊಸತಲ್ಲ. 1967ರ ಮಹಾಜನ ವರದಿಯಲ್ಲಿ ಚಂದ್ರಗಿರಿಯ ಬಡಗಣ ನಮ್ಮ ನೆಲದ ಪ್ರಸ್ತಾಪ ಇರುವಂತೆಯೇ ಅಕ್ಕಲಕೋಟೆಯ ಪ್ರಸ್ತಾಪವೂ ಇದೆ. ಆ ವರದಿಯ ಗತಿ ಏನಾಯಿತೆಂಬುದನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಅಲ್ಲಿಯೂ ಕನ್ನಡ ಶಾಲೆಗಳಿವೆ, ಮಹಾರಾಷ್ಟ್ರ ಸರಕಾರದ ಕನ್ನಡ ಪಠ್ಯಪುಸ್ತಕಗಳಿವೆ, ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಭಾಷೆ ಎಂಬ ನಮ್ಮದೇ ಪಾಡು ಇದೆ.

ನಮ್ಮ ಮಿತ್ರರೊಬ್ಬರು ಆ ತಾಲೂಕಿನ ಕನ್ನಡ ಶಾಲೆಯೊಂದರಲ್ಲಿ ಅಧ್ಯಾಪಕರು. ಅವರ ವೃದ್ಧ ತಂದೆಯವರಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆರಡು ಬಾರಿ ಡಯಾಲಿಸಿಸ್‌ಗಾಗಿ ಸುಮಾರು ನಲವತ್ತು ಕಿಲೋಮೀಟರ್ ದೂರದ ಸೊಲ್ಲಾಪುರಕ್ಕೆ ಹೋಗಿಬರಬೇಕು. ಬಸ್ಸಿನಲ್ಲಿ ಕುಳಿತು ಬರುವ ತ್ರಾಣ ಅವರಿಗಿಲ್ಲ. ಇರುವುದು ಈ ಹಳೆಯ ಪದ್ಮಿನಿ. ಅದು ಬೆಳಿಗ್ಗೆ ಸರಿಯಾಗಿ ಹೊರಟು, ಅರ್ಧ ದಾರಿಯಲ್ಲಿ ವಳಸಂಗದ ಆಚೀಚೆ ಏಕಾಏಕಿ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಕಳೆದರೆ ಏನೂ ಆಗದ ಹಾಗೆ ಮತ್ತೆ ಓಡುತ್ತಿತ್ತು. ಏಪ್ರಿಲ್-ಮೇ ತಿಂಗಳ ಸೊಲ್ಲಾಪುರದ ಬಿಸಿಲು ಎಂದರೆ ನಲವತ್ತು ಡಿಗ್ರಿಗೂ ಮೇಲೆ. ರಸ್ತೆಯ ಬದಿಯ ಬೇವಿನ ಮರದಡಿಯಲ್ಲಿ ರೋಗಿಯನ್ನು ಕುಳ್ಳಿರಿಸಿ ಕಾಯುವ ಮಗನ ಸಂಕಟವನ್ನು ಓದುಗರೇ ಊಹಿಸಬಹುದು. ಇಬ್ಬರು ಮೆಕ್ಯಾನಿಕರು ಒಬ್ಬರಾದ ಮೇಲೊಬ್ಬರು ಪ್ಲಗ್ಗು, ಕಾಯಿಲು, ಕಂಡೆನ್ಸರುಗಳನ್ನು ಬದಲಿಸಿ, ಕಾರ್ಬುರೇಟರನ್ನು ಎರಡು ಬಾರಿ ಬಿಚ್ಚಿ ತೊಳೆದರು. ದುಡ್ಡು ಹೋಯಿತೇ ಹೊರತು ಕಾಯಿಲೆ ಹೋಗಲಿಲ್ಲ.

ಕೊನೆಗೆ ಅದನ್ನು ಹಿಡಿದವರು ಅಕ್ಕಲಕೋಟೆಯ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್. ಮನೆಮಾತು ಕನ್ನಡ, ಗಿರಾಕಿಗಳೊಡನೆ ಮರಾಠಿ, ಅಂಗಡಿಯ ಹುಡುಗನೊಡನೆ ಹಿಂದಿ. ಅವರ ಮೊದಲ ಮಾತೇ ನಮಗೆ ಹಿಡಿಸಿತು: “ಗಾಡಿ ಬಂದ್ ಬಿದ್ದಾಗನ ನೋಡಬೇಕ್ರೀ ಮಾಸ್ತರ್ರ. ತಣ್ಣಗಾದ ಮ್ಯಾಲ ನೋಡಿದ್ರ ಎಲ್ಲಾ ಛಲೋನ ಕಾಣಸ್ತದ.” ಹೀಗೆಂದು ಅವರು ತಮ್ಮ ಚೀಲದೊಂದಿಗೆ ಕಾರಿನಲ್ಲೇ ಹತ್ತಿ ಕುಳಿತರು. ನಾವೂ ಹಿಂದಿನ ಸೀಟಿನಲ್ಲಿ ಜಾಗ ಮಾಡಿಕೊಂಡೆವು.

ಇಲ್ಲಿ ಸ್ವಲ್ಪ ವಿಜ್ಞಾನದ ಪಾಠ ಹೇಳದೆ ಗತ್ಯಂತರವಿಲ್ಲ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಹೊತ್ತಿಸಲು ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕು. ಅದಕ್ಕೆ ಹದಿನೈದು-ಇಪ್ಪತ್ತು ಸಾವಿರ ವೋಲ್ಟ್ ಬೇಕು. ಬ್ಯಾಟರಿಯಲ್ಲಿರುವುದಾದರೋ ಬರೇ ಹನ್ನೆರಡು. ಚಾವಿಯ ಸ್ವಿಚ್ಚಿನ ಮೂಲಕ ಕಾಯಿಲಿನ ಮೊದಲ ಸುರುಳಿಗೆ ಬಂದ ವಿದ್ಯುತ್ತು, ಅಲ್ಲಿಂದ ಪಾಯಿಂಟುಗಳ ಮೂಲಕ ಕಾರಿನ ಮೈಗೆ, ಅಂದರೆ ಅರ್ಥಿಗೆ ಸೇರುತ್ತದೆ. ಪಾಯಿಂಟುಗಳು ತಟಕ್ಕನೆ ಬೇರ್ಪಟ್ಟಾಗ ಪ್ರವಾಹ ಕಡಿದು, ಕಾಯಿಲಿನ ಕಾಂತಕ್ಷೇತ್ರ ಕುಸಿದು, ಸಾವಿರಾರು ಸುತ್ತುಗಳ ಎರಡನೆಯ ಸುರುಳಿಯಲ್ಲಿ ಆ ದೊಡ್ಡ ವೋಲ್ಟೇಜ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಕಂಡೆನ್ಸರು ಕೆಟ್ಟರೆ ಪಾಯಿಂಟುಗಳಲ್ಲಿಯೇ ಕಿಡಿ ಹಾರಿ ಅವು ಸುಟ್ಟುಹೋಗುತ್ತವೆ, ಪ್ಲಗ್ಗಿಗೆ ಬಡಕಲು ಹಳದಿ ಕಿಡಿ ಮಾತ್ರ ದಕ್ಕುತ್ತದೆ. ಈ ಏರ್ಪಾಟನ್ನು ಕಾರಿಗೆ ಅಳವಡಿಸಿದವರು ಅಮೇರಿಕದ ಚಾರ್ಲ್ಸ್ ಕೆಟರಿಂಗ್. ಸುಮಾರು 1910ರಲ್ಲಿ, ಕ್ಯಾಡಿಲಾಕ್ ಕಾರಿಗೆ. ಅವರ ಕಂಪೆನಿಯ ಹೆಸರಿನ ಮೊದಲಕ್ಷರಗಳಿಂದ ಹುಟ್ಟಿದ ಪದ ‘ಡೆಲ್ಕೋ’. ನಮ್ಮ ದೇಶದ ಮೆಕ್ಯಾನಿಕರು ಡಿಸ್ಟ್ರಿಬ್ಯೂಟರನ್ನು ಇಂದಿಗೂ ಡೆಲ್ಕೋ ಎಂದೇ ಕರೆಯುತ್ತಾರೆ. ಆ ಎಲೆಕ್ಟ್ರಿಷಿಯನ್ನರೂ ಹಾಗೆಯೇ ಕರೆದರು.

ಈಗಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಸಾಕೆಟ್ ಇರುತ್ತದೆ. ಯಂತ್ರವನ್ನು ಸಿಕ್ಕಿಸಿದರೆ ದೋಷದ ಸಂಖ್ಯೆ ಪರದೆಯ ಮೇಲೆ ಮೂಡುತ್ತದೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿ 1970ರ ದಶಕದ ಆರಂಭದಲ್ಲಿಯೇ ತನ್ನ ಕಾರ್ಬುರೇಟರ್ ಕಾರುಗಳಿಗೆ ಅಂಥದೊಂದು ತಪಾಸಣೆಯ ಸಾಕೆಟ್ಟನ್ನು ಇಟ್ಟಿತ್ತು. ಪದ್ಮಿನಿಯಲ್ಲಿ ಆ ಭಾಗ್ಯವಿಲ್ಲ. ಅಲ್ಲಿ ತಪಾಸಣೆಯ ಯಂತ್ರವೆಂದರೆ ಒಂದು ಚಿಕ್ಕ ಬಲ್ಬು, ಎರಡು ತಂತಿ, ಒಂದು ಕ್ಲಿಪ್ಪು. ಅದನ್ನು ಬಳಸುವ ಕ್ರಮವನ್ನು ವಿವರವಾಗಿಯೇ ಹೇಳುತ್ತೇವೆ. ಹಳೆಯ ಕಾರು ಇಟ್ಟುಕೊಂಡವರು ನಮ್ಮಲ್ಲಿಯೂ ಇದ್ದಾರೆ.

ಕ್ಲಿಪ್ಪನ್ನು ಕಾರಿನ ಮೈಗೆ ಕಚ್ಚಿಸಿ, ಚಾವಿ ತಿರುಗಿಸಿ, ಬಲ್ಬಿನ ತುದಿಯನ್ನು ಕಾಯಿಲಿಗೆ ವಿದ್ಯುತ್ತು ಬರುವ ಕಡೆ ಮುಟ್ಟಿಸಬೇಕು. ಬಲ್ಬು ಹೊತ್ತದಿದ್ದರೆ ದೋಷ ಬ್ಯಾಟರಿಗೂ ಕಾಯಿಲಿಗೂ ನಡುವೆ. ಹೊತ್ತಿದರೆ ತುದಿಯನ್ನು ಡೆಲ್ಕೋ ಕಡೆಯ ತಿರುಪಿಗೆ ಮುಟ್ಟಿಸಿ ಸೆಲ್ಫ್ ಹೊಡೆಯಬೇಕು. ಬಲ್ಬು ಮಿಣುಕಿದರೆ ಪಾಯಿಂಟುಗಳು ತೆರೆದು ಮುಚ್ಚುತ್ತಿವೆಯೆಂದು ಅರ್ಥ. ಮಿಣುಕದೆ ಹೊತ್ತಿಕೊಂಡೇ ಇದ್ದರೆ ಪಾಯಿಂಟುಗಳು ಕೂಡುತ್ತಿಲ್ಲ, ಇಲ್ಲವೆ ಡೆಲ್ಕೋದ ಒಳಗಿನ ಮೆತ್ತನೆಯ ತಂತಿ ಕಡಿದಿದೆ. ಪೂರ್ತಿ ಆರಿಯೇ ಇದ್ದರೆ ಡೆಲ್ಕೋಗೆ ಹೋಗುವ ತಂತಿಯನ್ನು ಕಾಯಿಲಿನಿಂದ ಕಳಚಿ ಮತ್ತೆ ಅದೇ ತಿರುಪನ್ನು ಮುಟ್ಟಿ ನೋಡಬೇಕು. ಆಗ ಹೊತ್ತಿದರೆ ಮುಂದೆಲ್ಲೋ ತಂತಿ ಮೈಗೆ ತಗಲಿದೆ, ಕಂಡೆನ್ಸರು ಕೆಟ್ಟಿದೆ, ಅಥವಾ ಪಾಯಿಂಟು ತೆರೆಯುತ್ತಿಲ್ಲ. ಆಗಲೂ ಹೊತ್ತದಿದ್ದರೆ ಕಾಯಿಲೇ ಒಳಗೆ ಕಡಿದಿದೆ. ಎಂಜಿನ್ ಓಡದೆ ಇರುವಾಗ ಚಾವಿಯನ್ನು ಬಹಳ ಹೊತ್ತು ತಿರುಗಿಸಿ ಇಡಬಾರದು, ಕಾಯಿಲು ಕಾಯುತ್ತದೆ. ಕಿಡಿ ನೋಡುವುದಾದರೆ ಕಾರ್ಬುರೇಟರಿನಿಂದ ದೂರ ನೋಡಬೇಕು.

ನಿರೀಕ್ಷೆಯಂತೆ ಕಾರು ನಿಂತಿತು. ಬಿಸಿಲಿಗೆ ಪಂಪಿನಲ್ಲಿ ಪೆಟ್ರೋಲು ಆವಿಯಾಗಿ ಹೀಗಾಗುತ್ತದೆಂಬುದು ಮಿತ್ರರ ನಂಬಿಕೆ; ಪಂಪಿಗೆ ಸುತ್ತಲು ಒದ್ದೆ ಬಟ್ಟೆಯನ್ನೂ ತಂದಿದ್ದರು. ಅದು ಬರೇ ಕಲ್ಪನೆಯೇನಲ್ಲ, ಹಳೆಯ ಕಾರುಗಳಲ್ಲಿ ಹಾಗಾಗುವುದುಂಟು. ಆದರೆ ಎಲೆಕ್ಟ್ರಿಷಿಯನ್ನರು ಒಂದು ಪ್ಲಗ್ಗು ಬಿಚ್ಚಿ ಮೈಗೆ ತಾಗಿಸಿ ಸೆಲ್ಫ್ ಹೊಡೆಸಿದರು. ಕಿಡಿಯೇ ಇಲ್ಲ. ಅಲ್ಲಿಗೆ ಪೆಟ್ರೋಲಿನ ಮೇಲಿನ ಆಪಾದನೆ ಕಳೆಯಿತು. ಕಾಯಿಲಿಗೆ ಬಲ್ಬು ಮುಟ್ಟಿಸಿದರೆ ಕೆಂಪಗೆ, ಕ್ಷೀಣವಾಗಿ ಉರಿಯಿತು. ಬ್ಯಾಟರಿಯಿಂದ ಕಾಯಿಲಿಗೆ ಒಂದು ಪ್ರತ್ಯೇಕ ತಂತಿಯನ್ನು ನೇರವಾಗಿ ಕೊಟ್ಟೊಡನೆ ಕಾರು ಗುರ್ರೆಂದಿತು. (ಹೀಗೆ ಕೊಟ್ಟರೆ ಚಾವಿ ತಿರುಗಿಸಿದರೂ ಎಂಜಿನ್ ನಿಲ್ಲದು, ತಂತಿಯನ್ನೇ ಕಳಚಬೇಕು.)

ಇನ್ನು ಉಳಿದದ್ದು ಬ್ಯಾಟರಿಯಿಂದ ಕಾಯಿಲಿನವರೆಗಿನ ದಾರಿ. ಅವರು ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ, ತಂತಿಯನ್ನು ಬೆರಳಿನಿಂದ ಗೇಣು ಗೇಣಾಗಿ ತಡಕುತ್ತ ಹೋದರು. ಪುಸ್ತಕದ ನಕ್ಷೆಯನ್ನು ಏಕೆ ನೋಡುವುದಿಲ್ಲವೆಂದು ನಾವು ಕೇಳಿದ್ದಕ್ಕೆ, “ನಕ್ಷಾದಾಗ ಒಂದು ಬಣ್ಣ, ಗಾಡ್ಯಾಗ ಇನ್ನೊಂದು ಬಣ್ಣರೀ. ಕೈ ಹಾಕಿದವ್ರು ಎಷ್ಟ ಮಂದಿನೋ” ಎಂದರು. ಚಾವಿಯ ಸ್ವಿಚ್ಚಿನ ಹಿಂದೆ ಅದು ಸಿಕ್ಕಿತು. ಎಂದೋ ಯಾರೋ ಟೇಪ್ ರೆಕಾರ್ಡರ್ ಕೂಡಿಸುವಾಗ ಮೂಲ ತಂತಿಯನ್ನು ಕತ್ತರಿಸಿ, ಬರಿಯ ಕೈಯಿಂದ ಹೊಸೆದು ಟೇಪು ಸುತ್ತಿದ್ದರು. ಟೇಪಿನ ಅಂಟು ಕರಗಿ, ತಾಮ್ರ ಹಸುರುಗಟ್ಟಿತ್ತು. ನಾಲ್ಕು ಆಂಪಿಯರಿನ ಸುಮಾರಿಗೆ ಎಳೆಯುವ ಕಾಯಿಲಿನ ಪ್ರವಾಹ ಹರಿದಂತೆಲ್ಲ ಆ ಕೆಟ್ಟ ಗಂಟು ಕಾಯುತ್ತಿತ್ತು, ಕಾದಂತೆ ಸಡಿಲವಾಗುತ್ತಿತ್ತು, ಕಾರು ನಿಂತು ತಣಿದರೆ ಮತ್ತೆ ಕೂಡುತ್ತಿತ್ತು. ಹಿಂದಿನ ಇಬ್ಬರೂ ಮೀಟರು ಹಿಡಿದು ಹನ್ನೆರಡು ವೋಲ್ಟ್ ಇದೆಯೆಂದು ಹೇಳಿದ್ದು ಸುಳ್ಳಲ್ಲ. ತಣಿದ ಮೇಲೆ ನೋಡಿದ್ದರು, ಅದೂ ಪ್ರವಾಹ ಹರಿಯದೆ ಇರುವಾಗ. ಭಾರ ಹೊರಿಸದೆ ಎತ್ತಿನ ಬಲ ಅಳೆದ ಹಾಗೆ.

ಒಂದೂವರೆ ಅಡಿ ಹೊಸ ತಂತಿ, ಎರಡು ಟರ್ಮಿನಲ್, ಬೆಸುಗೆ. ಖರ್ಚು ಕೇಳಿ ಮಿತ್ರರು ಒಂದು ಕ್ಷಣ ಮಾತೇ ಆಡಲಿಲ್ಲ.

ಆ ಎಲೆಕ್ಟ್ರಿಷಿಯನ್ನರ ಅಂಗಡಿಯಲ್ಲಿ ನಾವು ಕಂಡ ಇನ್ನೊಂದು ವಸ್ತುವನ್ನು ಹೇಳಬೇಕು. ಶಾಲೆಯ ಮಕ್ಕಳ ನೂರು ಪುಟದ ಒಂದು ನೋಟು ಪುಸ್ತಕ. ಪದ್ಮಿನಿ, ಅಂಬಾಸಿಡರ್, ಮಾರುತಿ 800 ಕಾರುಗಳ ತಂತಿಗಳ ನಕ್ಷೆಗಳನ್ನು ಅವರೇ ಬರೆದಿದ್ದಾರೆ. ಚಾವಿ, ಕಾಯಿಲ್, ಡೆಲ್ಕೋ, ಪಾಯಿಂಟ್ ಎಲ್ಲವೂ ದುಂಡು ದುಂಡಾದ ಕನ್ನಡ ಅಕ್ಷರಗಳಲ್ಲಿ. ಅವರ ಮೊಮ್ಮಗ ಹತ್ತನೆಯ ತರಗತಿ ಕನ್ನಡ ಮಾಧ್ಯಮದಲ್ಲಿ ಮುಗಿಸಿ ಐ.ಟಿ.ಐ. ಸೇರಬೇಕೆಂದಿದ್ದಾನೆ. ಅಲ್ಲಿಯ ಪಾಠವೆಲ್ಲ ಮರಾಠಿ, ಇಲ್ಲವೆ ಇಂಗ್ಲಿಷ್. ಪ್ರೇರಣೆ ಎಂದರೇನೆಂದು ನಾವು ಕೇಳಿದಾಗ ಹುಡುಗ ಪಠ್ಯಪುಸ್ತಕದ ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸಿದ. ಅದು ಕಾರಿನಲ್ಲಿ ಎಲ್ಲಿದೆಯೆಂದು ಕೇಳಿದ್ದಕ್ಕೆ ಮಾತ್ರ ಅಜ್ಜನ ಮುಖ ನೋಡಿದ. ಅಜ್ಜ ಒಂದು ಹಳೆಯ ಕಾಯಿಲನ್ನು ಅವನ ಕೈಗಿತ್ತು, ನೋಟು ಪುಸ್ತಕದ ಮೂರನೆಯ ಪುಟ ತೆರೆದರು.

ಹೊರಡುವಾಗ ಅವರು ಮಿತ್ರರಿಗೆ ಹೇಳಿದ ಇನ್ನೊಂದು ಮಾತು ನಮ್ಮ ಓದುಗರಿಗೂ ಉಪಯೋಗಕ್ಕೆ ಬಂದೀತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದೆ. ಹಳೆಯ ಕಾಲದ ರಬ್ಬರ್ ನಳಿಗೆಗಳನ್ನೂ ಪಂಪಿನ ಪೊರೆಯನ್ನೂ ಅದು ಮೆತ್ತಗಾಗಿಸಿ ಸೀಳುತ್ತದೆ. ಸೋರಿದ ಪೆಟ್ರೋಲು ಬಿಸಿ ಎಂಜಿನಿನ ಮೇಲೆ ಬಿದ್ದರೆ ಅನಾಹುತ. ಆದುದರಿಂದ ಬೇಸಿಗೆಗೆ ಮೊದಲು ನಳಿಗೆಗಳನ್ನು ಒಮ್ಮೆ ಹಿಚುಕಿ ನೋಡಿ, ಮೆತ್ತಗಾಗಿದ್ದರೂ ಬಿರುಕು ಬಿಟ್ಟಿದ್ದರೂ ಬದಲಿಸಬೇಕು.